ಆರು ವರ್ಷ ಶೆಡ್ಡಿನಲ್ಲಿ ನಿಂತ ಅಪ್ಪನ ಯಮಹಾ ಆರ್‌ಎಕ್ಸ್ 100 ಬೈಕ್ ಮತ್ತೆ ಓಡೀತಾ?

ಓಡುತ್ತದೆ. ಆದರೆ ಆಸೆಗೆ ಈಗಲೇ ಕಿಕ್ ಹೊಡೆಯಬೇಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿಗೆ ನಾಲ್ಕು ಹನಿ ಆಯಿಲ್ ಬಿಟ್ಟು, ಒಂದು ರಾತ್ರಿ ಕಳೆದು ಕೈಯಲ್ಲೇ ಮೆಲ್ಲ ಕಿಕ್ಕರ್ ಒತ್ತಿ ನೋಡಿ.

ನಮ್ಮ ಕಾಸರಗೋಡಿನ ಮಳೆ, ಕಡಲ ಗಾಳಿಗೆ ಮೊದಲು ಬಲಿಯಾಗುವುದು ಟ್ಯಾಂಕ್. ಬದಿಯಡ್ಕದ ನಮ್ಮ ಮನೆಯ ಬೈಕಿನಿಂದ ಚಹಾದ ಬಣ್ಣದ ಪೆಟ್ರೋಲ್ ಬಂದಿತ್ತು! ವಿನಿಗರ್ ತುಂಬಿಸಿ ಒಂದು ದಿನ ಇಟ್ಟು, ಹಿಡಿ ನಟ್ಟು ಹಾಕಿ ಕುಲುಕಿದೆ. ಆಮೇಲೆ ಸೋಡಾಪುಡಿ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿದೆ.

ಇದು ಟೂ ಸ್ಟ್ರೋಕ್, ಅಂದರೆ ಪೆಟ್ರೋಲ್ ಜತೆ ಆಯಿಲ್ ಕೂಡ ಉರಿಯುವ ಎಂಜಿನ್; ಆ ಆಯಿಲ್ ಪಂಪ್‌ನಿಂದ ಬರುತ್ತದೆ. ಪೈಪಿನಲ್ಲಿ ಗಾಳಿ ಸೇರಿದ್ದರೆ ಆಯಿಲ್ ಸಿಗದೆ ಪಿಸ್ಟನ್ ಜಾಮ್ ಆಗಬಹುದು. ಹಾಗಾಗಿ ಮೊದಲ ಟ್ಯಾಂಕಿಗೆ ಲೀಟರಿಗೆ 20 ಮಿಲಿ 2ಟಿ (ಟೂ ಸ್ಟ್ರೋಕ್) ಆಯಿಲ್ ಬೆರೆಸಿಯೇ ಓಡಿಸಿ. ಬಿಳಿ ಹೊಗೆ ನಿಲ್ಲದಿದ್ದರೆ ಕ್ರ್ಯಾಂಕ್‌ನ ಆಯಿಲ್ ಸೀಲ್ ನೋಡಿಸಿ. ಟಯರ್, ಬ್ರೇಕ್ ಶೂ ಸುಮ್ನೆ ಹೊಸದೇ ಹಾಕಿ.

ಎಲ್‌ಇಡಿ ಲೈಟ್ ಬೇಕಾದರೆ ವಯರಿಂಗ್ ಮೊದಲು ನೋಡಿಸಿ. ಎಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟೋದಿಂದ, ಬ್ಯಾಟರಿಗೆ ಹೋಗದೆ, ಎಸಿ ಕರೆಂಟೇ ಲೈಟಿಗೆ ಬರುತ್ತಿದ್ದರೆ ಅದು ಮಿಣುಕುತ್ತದೆ. ಕ್ರೋಮ್, ಪೈಂಟ್ ಕೊನೆಗೆ ಸಾಕು. ಖರ್ಚಿಗೆ ಇಳಿಯುವ ಮೊದಲು ಆರ್‌ಸಿ (ನೋಂದಣಿ ಪತ್ರ) ನೋಡಿ, ಅಲ್ವಾ? ಈ ಮಾಡೆಲ್ 1996ಕ್ಕೇ ನಿಂತಿತು, ನೋಂದಣಿಯ 15 ವರ್ಷ ಎಂದೋ ದಾಟಿದೆ. ನೋಂದಣಿ ನವೀಕರಿಸದೆ ರಸ್ತೆಗೆ ಇಳಿಸುವಂತಿಲ್ಲ.