ಐದು ಲಕ್ಷ ಯೆನ್‌ಗೆ ಜಪಾನಿನ ಹಳ್ಳಿಮನೆ: ಕೊಳ್ಳಬಹುದಾ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವಳು. ನಾನೂ ನಮ್ಮ ಯಜಮಾನರೂ ಟೋಕಿಯೋದಲ್ಲಿ ಕೆಲಸದಲ್ಲಿದ್ದೇವೆ. ನಾಗಾನೊ ಪ್ರಾಂತದ ಈಯಾಮಾ ಹತ್ತಿರ ಎರಡಂತಸ್ತಿನ ಹಳೆಯ ಮರದ ಮನೆಯೊಂದು ಐದು ಲಕ್ಷ ಯೆನ್‌ಗೆ ಮಾರಾಟಕ್ಕಿದೆ. ಜೊತೆಗೆ ಚಿಕ್ಕ ಗದ್ದೆಯೂ ಇದೆ. ನಮ್ಮ ದುಡ್ಡಲ್ಲಿ ಸುಮಾರು ಮೂರು ಲಕ್ಷ ರೂಪಾಯಿ ಅಷ್ಟೇ! ಮನೆ ಕೊಂಡರೆ ವೀಸಾಕ್ಕೂ ಅನುಕೂಲ ಅಂತ ಸ್ನೇಹಿತರು ಹೇಳುತ್ತಾರೆ. ಇಷ್ಟು ಅಗ್ಗ ಯಾಕೆ? ಕೊಳ್ಳೋದಾ, ಬೇಡವಾ?

ಉತ್ತರ: ವೀಸಾದ ಮಾತು ಮೊದಲು ಮುಗಿಸಿಬಿಡೋಣ. ಜಪಾನಿನಲ್ಲಿ ವಿದೇಶಿಯರು ಮನೆ, ಜಾಗ ಎರಡನ್ನೂ ಸ್ವಂತ ಹೆಸರಿಗೆ ಕೊಳ್ಳಬಹುದು. ಅದಕ್ಕೆ ವೀಸಾ ಬೇಕಿಲ್ಲ. ಆದರೆ ಕೊಂಡರು ಅಂತ ವೀಸಾ ಸಿಗುವುದೂ ಇಲ್ಲ, ಇರುವುದು ಮುಂದುವರಿಯುವುದೂ ಇಲ್ಲ. ಅದನ್ನು ಲೆಕ್ಕದಿಂದ ತೆಗೆದುಬಿಡಿ.

ಇನ್ನು ಅಗ್ಗದ ವಿಷಯ. 2023ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಜಪಾನಿನಲ್ಲಿ ಸುಮಾರು 90 ಲಕ್ಷ ಮನೆಗಳು ಖಾಲಿ ಇವೆ. ಅಂದರೆ ನೂರಕ್ಕೆ ಹತ್ತಿರ ಹತ್ತಿರ ಹದಿನಾಲ್ಕು. ಬಾಡಿಗೆಗೂ ಇಲ್ಲದೆ, ಮಾರಾಟಕ್ಕೂ ಇಲ್ಲದೆ ಸುಮ್ನೆ ಬಿದ್ದಿರುವವೇ 38 ಲಕ್ಷ ದಾಟುತ್ತವೆ. ಇಂಥ ಖಾಲಿ ಮನೆಗಳನ್ನು ಅಲ್ಲಿ ಅಕಿಯಾ ಅನ್ನುತ್ತಾರೆ. ಮಕ್ಕಳು ದೊಡ್ಡ ಊರು ಸೇರಿರುತ್ತಾರೆ, ಅಪ್ಪ ಅಮ್ಮ ತೀರಿಕೊಂಡಿರುತ್ತಾರೆ, ಮನೆ ಹಾಗೇ ಉಳಿದಿರುತ್ತದೆ. ಕಟ್ಟಿ ಇಪ್ಪತ್ತು ಇಪ್ಪತ್ತೈದು ವರ್ಷ ಆಯಿತೆಂದರೆ ಮರದ ಮನೆಗೆ ಅಲ್ಲಿನ ಮಾರುಕಟ್ಟೆಯಲ್ಲಿ ಬೆಲೆಯೇ ಇಲ್ಲದಂತೆ. ಉಳಿಯುವುದು ಜಾಗದ ಬೆಲೆ ಮಾತ್ರ, ಹಳ್ಳಿಯಲ್ಲಿ ಅದೂ ಕಡಿಮೆ. ಕೆಡವೋಣ ಅಂದರೆ ಹತ್ತು ಲಕ್ಷ ಯೆನ್ ದಾಟುವುದು ಮಾಮೂಲಿ. ತೆರಿಗೆ ಮಾತ್ರ ವರ್ಷ ವರ್ಷ ಬರುತ್ತಲೇ ಇರುತ್ತದೆ.

ಮೇಲಿಂದ ಕಾನೂನೂ ಬಿಗಿಯಾಗಿದೆ. 2023ರ ಡಿಸೆಂಬರ್‌ನಿಂದ, ಸರಿಯಾಗಿ ನೋಡಿಕೊಳ್ಳದ ಖಾಲಿ ಮನೆಗೆ ಸ್ಥಳೀಯ ಆಡಳಿತ ಸೂಚನೆ ಕೊಟ್ಟೂ ಸರಿಪಡಿಸದಿದ್ದರೆ, ವಾಸದ ಜಾಗಕ್ಕಿರುವ ತೆರಿಗೆ ರಿಯಾಯಿತಿ ತಪ್ಪಿಹೋಗುತ್ತದೆ. ಹಾಗಾಗಿ ಮಾರುವವರಿಗೆ ಬೇಕಿರುವುದು ದುಡ್ಡಿಗಿಂತ ಜಾಸ್ತಿ ಬಿಡುಗಡೆ. ಅದರಲ್ಲಿ ಮೋಸವೇನೂ ಇಲ್ಲ. ಅವರ ಹೆಗಲ ಮೇಲಿದ್ದದ್ದು ನಿಮ್ಮ ಹೆಗಲಿಗೆ ಬರುತ್ತದೆ, ಅದಕ್ಕೇ ಬೆಲೆ ಇಷ್ಟು ಇಳಿದಿರುವುದು.

ಈಗ ಒಂದು ಕೆಲಸ ಮಾಡಿ. ಮನೆಯ ಫೋಟೋಗಳನ್ನು ಪಕ್ಕಕ್ಕಿಟ್ಟು, ಮುಂದಿನ ರಸ್ತೆ ಎಷ್ಟು ಅಗಲ ಇದೆ ಅಂತ ಕೇಳಿ. ಪಟ್ಟಣ ಯೋಜನೆಯ ವ್ಯಾಪ್ತಿಗೆ ಬರುವ ಕಡೆ, ಕನಿಷ್ಠ ನಾಲ್ಕು ಮೀಟರ್ ಅಗಲದ, ಕಾನೂನು ಒಪ್ಪುವ ರಸ್ತೆಗೆ ನಿವೇಶನ ಎರಡು ಮೀಟರಾದರೂ ತಾಗಿರಬೇಕು. ಇಲ್ಲದಿದ್ದರೆ ಹಳೆಯದನ್ನು ಕೆಡವಿ ಹೊಸ ಮನೆ ಕಟ್ಟಲು ಸಾಮಾನ್ಯವಾಗಿ ಅನುಮತಿ ಸಿಗುವುದಿಲ್ಲ. ಮೊದಲೆಲ್ಲ ಜನ ‘ಕೆಡವೋದು ಬೇಡ, ಇರೋದನ್ನೇ ರಿಪೇರಿ ಮಾಡ್ಕೊಳ್ಳೋಣ’ ಅಂತ ಇಂಥ ಮನೆ ಕೊಳ್ಳುತ್ತಿದ್ದರು. 2025ರ ಏಪ್ರಿಲ್‌ನಿಂದ ಅದೂ ಕಷ್ಟವಾಗಿದೆ. ಎರಡಂತಸ್ತಿನ ಮರದ ಮನೆಯ ಚಾವಣಿ, ಕಂಬ, ಗೋಡೆಯಂಥ ಮುಖ್ಯ ಭಾಗವೊಂದನ್ನು ಅರ್ಧಕ್ಕಿಂತ ಜಾಸ್ತಿ ಬದಲಾಯಿಸುವುದಾದರೆ ಮೊದಲೇ ಕಟ್ಟಡದ ನಕ್ಷೆಗೆ ಮಂಜೂರಾತಿ ಪಡೆಯಬೇಕು. ರಸ್ತೆಯೇ ಸರಿಯಿಲ್ಲದಿದ್ದರೆ ಆ ಮಂಜೂರಾತಿಯೂ ಕಗ್ಗಂಟು. ನಿಮ್ಮದು ಎರಡಂತಸ್ತಿನ ಮನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಎರಡನೆಯದು ಕಟ್ಟಿದ ವರ್ಷ. 1981ರ ಜೂನ್‌ನಲ್ಲಿ ಭೂಕಂಪದ ನಿಯಮ ಬಿಗಿಯಾಯಿತು. ಮರದ ಮನೆಗಳಿಗೆ 2000ದಲ್ಲಿ ಇನ್ನಷ್ಟು ಬಿಗಿಯಾಯಿತು. 2024ರ ಜನವರಿ 1ರಂದು ಜಪಾನಿನ ನೋತೊ ಪರ್ಯಾಯ ದ್ವೀಪದಲ್ಲಿ ಆದ ಭೂಕಂಪದಲ್ಲಿ ನೆಲಕ್ಕೆ ಕುಸಿದವುಗಳಲ್ಲಿ ಹಳೆಯ ಮರದ ಮನೆಗಳೇ ಬಹಳ. ಮನೆ 1981ಕ್ಕಿಂತ ಹಿಂದಿನದಾದರೆ ಭೂಕಂಪ ತಪಾಸಣೆ ಮಾಡಿಸದೆ ಅಲ್ಲಿ ಒಂದು ರಾತ್ರಿಯೂ ಮಕ್ಕಳನ್ನು ಮಲಗಿಸಬೇಡಿ. ಹಲವು ಕಡೆ ತಪಾಸಣೆಗೂ ಬಲಪಡಿಸುವುದಕ್ಕೂ ಸ್ಥಳೀಯ ಆಡಳಿತವೇ ಸಹಾಯಧನ ಕೊಡುತ್ತದೆ. ಮೊದಲೇ ಅರ್ಜಿ ಹಾಕಬೇಕು, ಕೆಲಸ ಶುರುವಾದ ಮೇಲೆ ಕೇಳಿದರೆ ಸಾಮಾನ್ಯವಾಗಿ ಕೊಡುವುದಿಲ್ಲ.

ಗೆದ್ದಲು, ಸೋರುವ ಮಾಡು, ಕುಂಬಾದ ನೆಲಹಲಗೆ ಇವನ್ನೆಲ್ಲ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಒಲೆ ಉರಿಯದ, ಬಾಗಿಲು ತೆಗೆಯದ ಮನೆ ಎರಡು ಮಳೆಗಾಲದಲ್ಲಿ ಏನಾಗುತ್ತದೆ ಅಂತ ಮಲೆನಾಡಿನವರಿಗೆ ಗೊತ್ತು, ಅಲ್ವಾ? ಕಕ್ಕಸಿನ ವ್ಯವಸ್ಥೆ ಮಾತ್ರ ಕೇಳಿಕೊಳ್ಳಿ. ಒಳಚರಂಡಿ ಇಲ್ಲದ ಹಳ್ಳಿಗಳಲ್ಲಿ ಗುಂಡಿಯಿಂದ ಲಾರಿ ಬಂದು ಎತ್ತುವ ಪದ್ಧತಿ ಇನ್ನೂ ಇದೆ. ಅದನ್ನು ಬದಲಾಯಿಸುವುದು ದೊಡ್ಡ ಖರ್ಚು.

ಗದ್ದೆ ಅಂದಿರಲ್ಲ, ಅದು ಮನೆಯ ಜೊತೆ ಸುಮ್ಮನೆ ಬರುವುದಿಲ್ಲ. ಕೃಷಿ ಜಮೀನು ಕೈ ಬದಲಾಗಲು ಊರಿನ ಕೃಷಿ ಸಮಿತಿಯ ಅನುಮತಿ ಬೇಕು. ಕನಿಷ್ಠ ಇಷ್ಟು ಜಮೀನು ಇರಲೇಬೇಕು ಅನ್ನುವ ಷರತ್ತು 2023ರ ಏಪ್ರಿಲ್‌ನಲ್ಲಿ ಹೋಗಿದೆ. ಆದರೆ ನೀವು ನಿಜವಾಗಿ ಬೇಸಾಯ ಮಾಡುತ್ತೀರಿ ಅಂತ ಸಮಿತಿಗೆ ನಂಬಿಕೆ ಬರಬೇಕು. ಟೋಕಿಯೋದಲ್ಲಿ ಕೆಲಸ ಇಟ್ಟುಕೊಂಡು ಅದು ಸುಲಭವಲ್ಲ. ಗದ್ದೆ ಬಿಟ್ಟು ಬರೀ ಮನೆ ಕೊಡುತ್ತಾರಾ ಕೇಳಿ ನೋಡಿ.

ಮಾರುವವರು ನಿಜವಾದ ಮಾಲೀಕರೇ ಅನ್ನುವುದನ್ನೂ ನೀವೇ ನೋಡಬಹುದು. ನೋಂದಣಿ ಕಚೇರಿಯಲ್ಲಿ 600 ಯೆನ್ ಕಟ್ಟಿದರೆ ಯಾರ ಜಾಗದ ದಾಖಲೆಯಾದರೂ ಸಿಗುತ್ತದೆ. ಎಷ್ಟೋ ಮನೆಗಳು ಇನ್ನೂ ಸತ್ತ ಅಜ್ಜನ ಹೆಸರಲ್ಲೇ ಇರುತ್ತವೆ. ಆಗ ವಾರಸುದಾರರೆಲ್ಲ ಒಪ್ಪಿ ಸಹಿ ಹಾಕಬೇಕು. 2024ರ ಏಪ್ರಿಲ್‌ನಿಂದ ವಾರಸುದಾರರು ಮೂರು ವರ್ಷದೊಳಗೆ ಖಾತೆ ಬದಲಾಯಿಸಿಕೊಳ್ಳುವುದು ಕಡ್ಡಾಯವಾಗಿದೆ. ದಾಖಲೆ ಅವರ ಹೆಸರಿಗೆ ಬರುವವರೆಗೆ ಮುಂಗಡ ಕೊಡಬೇಡಿ.

ಅಕಿಯಾ ಬ್ಯಾಂಕ್ ಅನ್ನುವ ಪಟ್ಟಿಗಳನ್ನು ಊರಿನ ಆಡಳಿತಗಳೇ ನಡೆಸುತ್ತವೆ. ಹುಡುಕಲು ಒಳ್ಳೆಯ ಜಾಗ. ಆದರೆ ಅವರು ಪಟ್ಟಿ ಹಾಕುತ್ತಾರೆ ಅಷ್ಟೇ, ಮನೆ ಗಟ್ಟಿಯಾಗಿದೆ ಅಂತ ಖಾತರಿ ಕೊಡುವುದಿಲ್ಲ. ವ್ಯವಹಾರಕ್ಕೆ ಪರವಾನಗಿ ಇರುವ ದಲ್ಲಾಳಿ ಇರಲಿ. ಸಹಿಗೆ ಮೊದಲು ರಸ್ತೆ, ನೆರೆ, ಭೂಕುಸಿತದ ಅಪಾಯವನ್ನೆಲ್ಲ ಬರಹದಲ್ಲಿ ವಿವರಿಸಿ ಹೇಳುವುದು ಅವರ ಕಾನೂನು ಕರ್ತವ್ಯ. 2024ರ ಜುಲೈನಿಂದ 80 ಲಕ್ಷ ಯೆನ್ ಒಳಗಿನ ಮನೆಗೆ ಅವರು ತೆರಿಗೆ ಸೇರಿ 3,30,000 ಯೆನ್ ತನಕ ಕೇಳಬಹುದು. ಐದು ಲಕ್ಷದ ಮನೆಗೆ ಇದೇನು ಅನ್ಯಾಯ ಅನ್ನಿಸಬಹುದು, ಆದರೂ ಕೊಡಿ ಅನ್ನುತ್ತೇನೆ. ಇನ್ನೊಂದು ವಿಷಯ: ಕೊಂಡ ಮೇಲೆ ಬರುವ ತೆರಿಗೆಗಳು ನೀವು ಕೊಟ್ಟ ಬೆಲೆಯ ಮೇಲಲ್ಲ, ಸರ್ಕಾರ ಕಟ್ಟಿದ ಮೌಲ್ಯದ ಮೇಲೆ. ಅದು ಐದು ಲಕ್ಷಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರಬಹುದು. ಖರೀದಿ ತೆರಿಗೆಯ ಚೀಟಿ ತಿಂಗಳುಗಳಾದ ಮೇಲೆ ಮನೆಗೆ ಬರುತ್ತದೆ, ಹಣ ತೆಗೆದಿಟ್ಟಿರಿ.

ಕೊನೆಗೆ ಹಿಮ. ಈಯಾಮಾ ಜಪಾನಿನಲ್ಲೇ ಹಿಮ ಜಾಸ್ತಿ ಬೀಳುವ ಊರುಗಳಲ್ಲೊಂದು. ಶಿಂಕಾನ್‌ಸೆನ್ ಅನ್ನುವ ಅತಿವೇಗದ ರೈಲು ಅಲ್ಲಿ ನಿಲ್ಲುತ್ತದೆ, ಹೋಗಿಬರುವುದು ಸಲೀಸು, ನಿಜ. ಆದರೆ ಮಾಡಿನ ಮೇಲೆ ಕೂತ ಹಿಮವನ್ನು ಯಾರಾದರೂ ಹತ್ತಿ ಇಳಿಸಲೇಬೇಕು. ಇದೇ ಕೆಲಸದಲ್ಲಿ ಪ್ರತಿ ಚಳಿಗಾಲ ಹಿರಿಯರು ಬಿದ್ದು ಸಾಯುತ್ತಾರೆ. ನೀವು ವಾರಾಂತ್ಯಕ್ಕಷ್ಟೇ ಬರುವವರಾದರೆ ನಿಮ್ಮ ಮಾಡಿನ ಹಿಮ ಪಕ್ಕದ ಮನೆಯ ಎಂಬತ್ತರ ಅಜ್ಜಿಯ ಅಂಗಳಕ್ಕೆ ಬೀಳಬಹುದು. ಊರಿನ ಸಂಘದ ವಂತಿಗೆ, ಕಾಲುವೆ ಸ್ವಚ್ಛತೆ, ಹುಲ್ಲು ಕೊಯ್ಯುವ ದಿನ, ಕಸದ ಪಾಳಿ ಇವೂ ಇರುತ್ತವೆ. ಅದರಲ್ಲಿ ಕೈ ಜೋಡಿಸುವ ಮನಸ್ಸಿದ್ದರೆ ಮಾತ್ರ ಮುಂದುವರಿಯಿರಿ. ಜನ ಕಡಿಮೆಯಾದ ಆ ಊರುಗಳಿಗೆ ಮತ್ತೊಬ್ಬ ದೂರದ ಮಾಲೀಕರು ಬೇಡ.

ಒಂದು ಚಳಿಗಾಲ ಅಲ್ಲೇ ಬಾಡಿಗೆಗೆ ಇದ್ದು ನೋಡಿ. ಹಲವು ಊರುಗಳಲ್ಲಿ ಆಡಳಿತವೇ ಕೆಲವು ದಿನದ ಮಟ್ಟಿಗೆ ಪ್ರಾಯೋಗಿಕ ವಾಸದ ಮನೆ ಕೊಡುತ್ತದೆ. ಅಷ್ಟರಲ್ಲಿ ಈ ಮನೆ ಬೇರೆಯವರ ಪಾಲಾದರೆ ಆಗಲಿ, ಇಂಥವು ಇನ್ನೂ ಬರುತ್ತಲೇ ಇರುತ್ತವೆ.

ಪ್ರಶ್ನೆ: ಮೈಸೂರಿನಲ್ಲಿರುವ ನಿವೃತ್ತ ಶಿಕ್ಷಕ ನಾನು. ಇಲ್ಲಿಂದಲೇ ಆನ್‌ಲೈನ್‌ನಲ್ಲಿ ಜಪಾನಿನ ಮನೆಯೊಂದನ್ನು ಕೊಂಡು ಪ್ರವಾಸಿಗರಿಗೆ ಬಾಡಿಗೆಗೆ ಕೊಡಬಹುದೇ?

ಉತ್ತರ: ಕಾನೂನು ಅಡ್ಡ ಬರುವುದಿಲ್ಲ ಸರ್, ಆದರೆ ನನ್ನ ಸಲಹೆ ಬೇಡ ಅಂತಲೇ. ಪ್ರವಾಸಿಗರಿಗೆ ಮನೆ ಕೊಡುವ 2018ರ ಕಾನೂನಿನಲ್ಲಿ ವರ್ಷಕ್ಕೆ 180 ದಿನದ ಮಿತಿ ಇದೆ. ಮಾಲೀಕರು ಅಲ್ಲಿರದಿದ್ದರೆ ನೋಂದಾಯಿತ ನಿರ್ವಾಹಕ ಸಂಸ್ಥೆಗೆ ವಹಿಸಲೇಬೇಕು, ಅದರ ಶುಲ್ಕ ಬೇರೆ. ತೆರಿಗೆ ಚೀಟಿ ತೆಗೆದುಕೊಳ್ಳಲು ಜಪಾನಿನಲ್ಲೇ ಒಬ್ಬ ಪ್ರತಿನಿಧಿಯನ್ನು ನೇಮಿಸಬೇಕು.

ಇಲ್ಲಿಂದ ಹಣ ಕಳಿಸುವುದು ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ, ಅಂದರೆ ಭಾರತದ ನಿವಾಸಿಗಳು ವಿದೇಶಕ್ಕೆ ಹಣ ಕಳಿಸಲು ಇರುವ ವ್ಯವಸ್ಥೆಯಡಿ. ಹಣಕಾಸು ವರ್ಷಕ್ಕೆ ಒಬ್ಬರಿಗೆ 2,50,000 ಡಾಲರ್ ಮಿತಿ. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕ್ ಶೇ 20 ಟಿಸಿಎಸ್, ಅಂದರೆ ಮೊದಲೇ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತದೆ, ರಿಟರ್ನ್ಸ್‌ನಲ್ಲಿ ಅದನ್ನು ಹೊಂದಿಸಿಕೊಳ್ಳಬಹುದು. ಮನೆ ಎಷ್ಟೇ ಅಗ್ಗದ್ದಾಗಿರಲಿ, ಪ್ರತಿ ವರ್ಷ ರಿಟರ್ನ್ಸ್‌ನ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ತೋರಿಸಬೇಕು. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು, ಮೇಲೆ ಹೇಳಿದಂಥ ಅಗ್ಗದ ಮನೆಯ ಬೆಲೆಗಿಂತ ಅದೇ ಜಾಸ್ತಿ. ಇಷ್ಟಾದರೂ ಆಸೆ ಇದ್ದರೆ, ಹಣ ಕಳಿಸುವ ಮೊದಲು ಒಮ್ಮೆ ಅಲ್ಲಿಗೆ ಹೋಗಿ, ಫೆಬ್ರವರಿಯಲ್ಲಿ ಮನೆ ನೋಡಿ ಬನ್ನಿ.