ಟೊಳ್ಳು ಮರದ ವಯಸ್ಸು

ಪತ್ರ: ಕಳೆದ ಸಂಚಿಕೆಯಲ್ಲಿ ಗ್ರೀಸ್‌ನ ಕ್ರೀಟ್ ದ್ವೀಪದ ವೂವೆಸ್ ಎಂಬ ಊರಿನ ಆಲಿವ್ ಮರಕ್ಕೆ 4000 ವರ್ಷ ಎಂದು ಬರೆದಿದ್ದೀರಿ. ಫೋಟೊದಲ್ಲಿ ನೋಡಿದರೆ ಮರದ ಒಳಗೆಲ್ಲ ಟೊಳ್ಳು. ವಯಸ್ಸು ಎಣಿಸಿದ್ದು ಹೇಗೆ? ಅದು ಇನ್ನೂ ಬದುಕಿದೆಯೇ?
– ಓದುಗರು, ಶಿರಸಿ

ಸಂಪಾದಕರ ಉತ್ತರ: ತಪ್ಪು ನಮ್ಮದೇ. ‘ಕನಿಷ್ಠ 2000 ವರ್ಷ’ ಎಂದು ಬರೆಯಬೇಕಿತ್ತು. ಕಾಂಡದೊಳಗೆ ವರ್ಷ ವರ್ಷ ಮೂಡುವ ಉಂಗುರಗಳನ್ನು ನೋಡಿದವರು ಧೈರ್ಯವಾಗಿ ಹೇಳಿರುವುದು ಅಷ್ಟೇ. ಮೂರು ಸಾವಿರ, ನಾಲ್ಕು ಸಾವಿರ ಎನ್ನುವುದೆಲ್ಲ ಅಂದಾಜು.

ನೀವು ಕೇಳಿದ ಟೊಳ್ಳೇ ಇದಕ್ಕೆ ಕಾರಣ. ಮರ ಎಳೆಯದಾಗಿದ್ದಾಗಿನ ಉಂಗುರಗಳು ಇರುವುದು ನಟ್ಟನಡುವೆ, ಅಲ್ವಾ? ಮುದಿ ಆಲಿವ್‌ನಲ್ಲಿ ಮೊದಲು ಕೊಳೆತು ಹೋಗುವುದು ಆ ನಡುವಿನ ಗಟ್ಟಿ ಮರ, ಅಂದರೆ ಚೇಗೇ. ವೂವೆಸ್ ಮರದ ಕಾಂಡದ ಸುತ್ತಳತೆ 12.5 ಮೀಟರ್. ಇಷ್ಟು ದಪ್ಪ ಇದ್ದೂ, ವಯಸ್ಸು ಅಳೆಯುವ ಇಂಗಾಲದ ಪರೀಕ್ಷೆಗೆ ಬೇಕಾದ ಹಳೇ ಮರ ಒಳಗೆ ಉಳಿದಿಲ್ಲ.

ಆದರೆ ಮರ ಗಟ್ಟಿಯಾಗಿ ಬದುಕಿದೆ. ಚೇಗು ಹೇಗೂ ಸತ್ತ ಮರ, ಅದರ ಕೆಲಸ ಭಾರ ಹೊರುವುದು. ಬೇರಿನ ನೀರು ಏರುವುದು ತೊಗಟೆಯ ಕೆಳಗಿನ ಹೊರಪದರದಲ್ಲಿ. ಫೋಟೊವನ್ನು ಇನ್ನೊಮ್ಮೆ ನೋಡಿ. ದಪ್ಪ ಹಗ್ಗಗಳನ್ನು ಹೊಸೆದು ನಿಲ್ಲಿಸಿದ ಹಾಗೆ ಕಾಂಡ ತಿರುಚಿಕೊಂಡಿದೆ, ಅಲ್ಲಲ್ಲಿ ಗಂಟು, ನಡುನಡುವೆ ಕಿಂಡಿ. ಮೇಲೆ ಮಾತ್ರ ಹಸಿರು ತಲೆ. ಈಗಲೂ ಕಾಯಿ ಬಿಡುತ್ತದೆ.

ನನ್ನನ್ನು ಜಾಸ್ತಿ ಹಿಡಿದಿಟ್ಟದ್ದು ವಯಸ್ಸಲ್ಲ, ಕಸಿ. ಮಾವಿಗೆ ಕಸಿ ಕಟ್ಟುವ ಸೀಮೆಯವರು ನೀವು, ನಿಮಗೆ ಬಿಡಿಸಿ ಹೇಳಬೇಕಿಲ್ಲ. ಈ ಮರದ ಬುಡ ಕಾಡು ಆಲಿವ್. ಅದರ ಮೇಲೆ ಅಲ್ಲಿನವರು ತ್ಸುನಾತಿ ಎನ್ನುವ ಊರ ತಳಿ. ಅಂದರೆ ಯಾವುದೋ ಕಾಲದಲ್ಲಿ ಯಾರೋ ರೈತ ಕಾಡುಗಿಡ ನೋಡಿ, ಒಳ್ಳೇ ಕಡ್ಡಿ ತಂದು ಕಸಿ ಕಟ್ಟಿದ್ದಾನೆ. ಇದು ತೋಟದ ಮರ. ಎಣ್ಣೆಗಾಗಿ ಸಾಕಿದ ಮರ. (ಅಂದ ಹಾಗೆ, ನಮ್ಮ ಮಲ್ಲಿಗೆಯೂ ಆಲಿವ್ ಕುಟುಂಬದ್ದೇ.)

ಗೌರವ ಬಂದದ್ದು ತೀರ ಈಚೆಗೆ. 1997ರಲ್ಲಿ ಇದನ್ನು ನೈಸರ್ಗಿಕ ಸ್ಮಾರಕ ಎಂದು ಘೋಷಿಸಿದರು. ಹಿಂದೆ ಗ್ರೀಸ್‌ನ ಒಲಿಂಪಿಯಾದಲ್ಲಿ ನಡೆಯುತ್ತಿದ್ದ ಪ್ರಾಚೀನ ಒಲಿಂಪಿಕ್ಸ್‌ನಲ್ಲಿ ಗೆದ್ದವರಿಗೆ ಸಿಗುತ್ತಿದ್ದದ್ದು ಕಾಡು ಆಲಿವ್ ಟೊಂಗೆಯ ಕಿರೀಟ. ಅದನ್ನು ನೆನೆದು 2004ರ ಅಥೆನ್ಸ್ ಒಲಿಂಪಿಕ್ಸ್‌ನ ಕಿರೀಟಗಳಿಗೆ ಈ ಮರದ ಟೊಂಗೆಗಳನ್ನೂ ಕೊಯ್ದರು. ಪಕ್ಕದಲ್ಲೇ ಈಗ ಆಲಿವ್ ಮ್ಯೂಸಿಯಂ ಇದೆ. ಅಲ್ಲಿರುವುದು ಆಲಿವ್ ಬೇಸಾಯದ ಹಳೇ ಸಾಮಾನು. ಮರದ ಪಕ್ಕ ಇರಬೇಕಾದದ್ದೂ ಅದೇ ಎಂದು ನನಗನಿಸುತ್ತದೆ.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ. ಅದರ ಜೊತೆ ಆ ಫೋಟೊವನ್ನೂ ಇನ್ನೊಮ್ಮೆ, ಈ ಸಲ ದೊಡ್ಡದಾಗಿ.