ಹುಳು ಮನೆಯ ಚಿತ್ರಕ್ಕೆ ಎಂಥ ಸಂಗೀತ?

ಪ್ರಶ್ನೆ: ರೇಷ್ಮೆ ಬೆಳೆಯುವ ಕುಟುಂಬವೊಂದರ ಕಥೆಯನ್ನಿಟ್ಟುಕೊಂಡು ಗೆಳೆಯರೆಲ್ಲ ಸೇರಿ ಕೈಯಿಂದ ಹಣ ಹಾಕಿ 40 ನಿಮಿಷಗಳ ಚಿತ್ರವೊಂದನ್ನು ಮಾಡಿದ್ದೇವೆ. ಸಂಕಲನದ ಹೊತ್ತಿಗೆ ಅಳತೆಗೆಂದು 1960ರ ದಶಕದ ಸಿನಿಮಾ ಹಾಡೊಂದನ್ನು ಕೂಡಿಸಿದ್ದೆವು. ಈಗ ನಮ್ಮ ಸಂಗೀತಗಾರರು ಮಾಡಿಕೊಟ್ಟದ್ದೆಲ್ಲ ಅದರ ಮುಂದೆ ಸಪ್ಪೆಯೆನಿಸುತ್ತಿದೆ. ಆ ಹಾಡನ್ನೇ ಉಳಿಸಿಕೊಳ್ಳಬಹುದೇ? ಗೂಡಿನ ಬೆಲೆ ಕುಸಿಯುವ ದೃಶ್ಯಕ್ಕೆ ತಮಟೆ ಹೊಂದುತ್ತದೆಯೇ?
– ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ತಿಂಗಳುಗಟ್ಟಲೆ ಒಂದೇ ಹಾಡಿನೊಡನೆ ದೃಶ್ಯವನ್ನು ನೋಡಿದ ಕಿವಿಗೆ ಬೇರೆ ಯಾವುದೂ ರುಚಿಸದಿರುವುದು ಸಹಜ. ಹಾಡನ್ನು ತೆಗೆದು ಒಂದು ವಾರ ಚಿತ್ರವನ್ನು ಸಂಗೀತವಿಲ್ಲದೆ ನೋಡಿ, ಆಮೇಲೆ ನಿಮ್ಮ ಸಂಗೀತಗಾರರ ಕೆಲಸವನ್ನು ಕೇಳಿ.

ಹಾಡನ್ನು ಉಳಿಸಿಕೊಳ್ಳುವುದು ನೀವು ಎಣಿಸಿದಷ್ಟು ಸುಲಭವಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಸಾಹಿತ್ಯ ಮತ್ತು ಸ್ವರಸಂಯೋಜನೆಯ ಹಕ್ಕಾದರೋ ಬರೆದವರು, ಸಂಯೋಜಿಸಿದವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಮುಂದುವರಿಯುವುದರಿಂದ, ಮುದ್ರಿಕೆಯ ಅವಧಿ ಮುಗಿದಿದ್ದರೂ ಹಾಡು ಮುಕ್ತವಾಗಿರಬೇಕೆಂದಿಲ್ಲ. ಕೊನೆಯಲ್ಲಿ ಕೃತಜ್ಞತೆಯ ಸಾಲೊಂದನ್ನು ಹಾಕಿದರೆ ಸಾಕೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಆದರೆ ಅದು ಅನುಮತಿಯಾಗುವುದಿಲ್ಲ.

ತಮಟೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬೇಡವೆಂದೇ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆಗಾಗಿಯೇ ಪದ್ಮಶ್ರೀ ಸಂದ ಜಿಲ್ಲೆ ನಿಮ್ಮದು. ಜಾತ್ರೆಯ ಬಡಿತ ಯಾವುದು, ಸಾವಿನ ಮನೆಯ ಬಡಿತ ಯಾವುದು ಎಂಬುದನ್ನು ಬಲ್ಲ ಪ್ರೇಕ್ಷಕರ ಮುಂದೆ, ಬೆಲೆ ಕುಸಿದ ದೃಶ್ಯಕ್ಕೆ ಬರಿಯ ರಭಸಕ್ಕಾಗಿ ಅದನ್ನು ಬಳಸಿದರೆ ಅರ್ಥ ಎಲ್ಲಿಗೋ ಹೋಗುತ್ತದೆ. ಕಥೆಯಲ್ಲಿ ಮೆರವಣಿಗೆಯಿದ್ದರೆ ಅಲ್ಲಿ ಬರಲಿ. ಆಗಲೂ ಬೆಂಕಿಗೆ ಕಾಯಿಸಿದ ತಮಟೆಯ ದನಿ ಚರ್ಮ ತಣಿದಂತೆ ಇಳಿಯುತ್ತದೆಂಬುದನ್ನು ನೆನಪಿಟ್ಟು, ಒಟ್ಟಿಗೆ ಜೋಡಿಸಬೇಕಾದ ಭಾಗಗಳನ್ನು ಒಂದೇ ಕಾವಿನಲ್ಲಿ ಮುದ್ರಿಸಿಕೊಳ್ಳಿ. ಕಲಾವಿದರಿಗೆ ಸಂಭಾವನೆ ಕೊಟ್ಟು ಒಪ್ಪಿಗೆಯನ್ನು ಬರೆಸಿಕೊಳ್ಳಿ.

ಇನ್ನೊಂದು ಮಾತು. ಸಂಕಲನ ಪೂರ್ತಿ ಮುಗಿಯದೆ ಸಂಗೀತ ಮಾಡಿಸಬೇಡಿ. ಸೆಕೆಂಡಿಗೆ 24 ಫ್ರೇಮುಗಳ ಚಿತ್ರದಲ್ಲಿ ಆಮೇಲೆ 12 ಫ್ರೇಮು ಕತ್ತರಿಸಿದರೂ ಸಂಗೀತ ಅರ್ಧ ಸೆಕೆಂಡು ಜರುಗಿ, ದೃಶ್ಯಕ್ಕೂ ತಾಳಕ್ಕೂ ಹೊಂದಿಕೆ ತಪ್ಪುತ್ತದೆ.

ಬೆಲೆ ಕುಸಿದ ದಿನ ಮನೆಗೆ ಮರಳಿದ ಆ ರೈತ ಏನು ಕೇಳಿಸಿಕೊಳ್ಳುತ್ತಾನೆ? ನಾಲ್ಕನೆಯ ಜ್ವರ ಎದ್ದ, ಅಂದರೆ ನಾಲ್ಕನೆಯ ಸಲ ಪೊರೆ ಬಿಟ್ಟ ಹುಳುಗಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆ ಸುರಿದಂತಿರುತ್ತದೆ. ಮಾರುಕಟ್ಟೆಯಿಂದ ಬರಿಗೈಯಲ್ಲಿ ಬಂದವನ ಮನೆಯಲ್ಲಿ ಮುಂದಿನ ಬೆಳೆಯ ಹುಳು ಹಾಗೆ ಎಡೆಬಿಡದೆ ತಿನ್ನುತ್ತಿದ್ದರೆ, ಅದರ ಮೇಲೆ ಪಿಟೀಲು ಹಾಕುವ ಅಗತ್ಯ ನನಗೆ ಕಾಣುವುದಿಲ್ಲ. ನಡುರಾತ್ರಿ ಸೊಪ್ಪು ಹಾಕಿದ ಕೂಡಲೇ ಫ್ಯಾನು ಆರಿಸಿ, ಮೈಕನ್ನು ತಟ್ಟೆಗೆ ಹತ್ತಿರ ಹಿಡಿದು ಮುದ್ರಿಸಿ. ಹುಳು ಹಣ್ಣಾಗಿ ಗೂಡು ಕಟ್ಟುವ ಮುನ್ನ ಇಂಥ ರಾತ್ರಿಗಳು ಸಿಗುವುದು ಸುಮಾರು ಒಂದು ವಾರ ಮಾತ್ರ. ತಪ್ಪಿಸಿಕೊಂಡರೆ ಮತ್ತೆ ಚಾಕಿ (ಮರಿಹುಳು) ತಂದು ಅದು ಬೆಳೆಯುವವರೆಗೆ ಕಾಯಬೇಕಾಗುತ್ತದೆ.